ತಾಲ್ಲೂಕು ಕೋರ್ಟಿನ ವಾಯಿದೆ ಎಣಿಸುವುದು ಹೇಗೆ: ಸಾರ್ವಜನಿಕ ದತ್ತಾಂಶ ಬಳಸುವವರಿಗೆ ಕೈಪಿಡಿ

ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳು 4 ಕೋಟಿ ದಾಟಿವೆ. ಈ ಅಂಕಿಯನ್ನು ಯಾವ ಅಧಿಕಾರಿಯ ಮುಂದಿಟ್ಟರೂ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ನಾಳೆ ಬೆಳಿಗ್ಗೆ ಅವರು ಮಾಡಬಹುದಾದ ಕೆಲಸ ಯಾವುದೂ ಅದರೊಳಗಿಲ್ಲ. ಅದೇ ನಿಮ್ಮ ಊರಿನ ಒಂದು ಕೋರ್ಟಿನಲ್ಲಿ 100 ವಾಯಿದೆಗಳ (ವಿಚಾರಣೆಗೆ ಗೊತ್ತುಮಾಡಿದ ದಿನಗಳ) ಪೈಕಿ ಇಷ್ಟು ಸಮನ್ಸ್ ಜಾರಿಯಾಗದೆ ಹಾಳಾಗಿವೆ, ಇಷ್ಟು ಪ್ರಯೋಗಾಲಯದ ವರದಿ ಬಾರದೆ ಹಾಳಾಗಿವೆ ಎಂದು ತೋರಿಸಿದರೆ ಉತ್ತರ ಕೊಡಬೇಕಾದವರು ಯಾರೆಂಬುದು ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ಬೇಕಾದ ಮಾಹಿತಿ ಬಹುಪಾಲು ಎಲ್ಲರಿಗೂ ತೆರೆದಿದೆ. ಇಬ್ಬರು ಜನ, ಒಂದು ಸ್ಪ್ರೆಡ್‌ಶೀಟ್, ಸುಮಾರು ಇಪ್ಪತ್ತೈದು ಗಂಟೆಗಳ ಬಿಡುವು ಇದ್ದರೆ ಸಾಕು.

ಎರಡು ಕಿಟಕಿಗಳು

ಮೊದಲನೆಯದು ಎನ್‌ಜೆಡಿಜಿ, ಅಂದರೆ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್. ಜಿಲ್ಲಾ ನ್ಯಾಯಾಲಯಗಳ ಅಂಕಿಗಳು ಇಲ್ಲಿ 2015ರಿಂದ ಸಾರ್ವಜನಿಕರಿಗೆ ಸಿಗುತ್ತಿವೆ. ಸುಪ್ರೀಂ ಕೋರ್ಟ್ ಸೇರಿದ್ದು 2023ರ ಸೆಪ್ಟೆಂಬರಿನಲ್ಲಿ. ರಾಜ್ಯ, ಜಿಲ್ಲೆ, ಕೋರ್ಟು ಎಂದು ಇಳಿಯುತ್ತ ಹೋದರೆ ಸಿವಿಲ್ ಎಷ್ಟು, ಕ್ರಿಮಿನಲ್ ಎಷ್ಟು, ಒಂದು ವರ್ಷದೊಳಗಿನವು ಎಷ್ಟು, ಹತ್ತು ವರ್ಷ ದಾಟಿದವು ಎಷ್ಟು, ಯಾವ ಹಂತದಲ್ಲಿ ನಿಂತಿವೆ ಎಂಬುದು ಕಾಣುತ್ತದೆ. ಎರಡನೆಯದು ಇ-ಕೋರ್ಟ್ಸ್ ಸೇವಾ ತಾಣ. ಇಲ್ಲಿ ಒಂದೊಂದೇ ಪ್ರಕರಣವನ್ನು ತೆರೆದು ನೋಡಬಹುದು. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಕರ್ನಾಟಕದ್ದಾದರೆ ಅದು 'ಕೆಎ' ಎಂದು ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ.

ಎನ್‌ಜೆಡಿಜಿಯಲ್ಲಿ ವಿಳಂಬದ ಕಾರಣಗಳ ಪಟ್ಟಿಯೂ ಇದೆ. ಅದನ್ನೇ ಎತ್ತಿ ವರದಿ ಬರೆಯುವ ಆಸೆ ಹುಟ್ಟುವುದು ಸಹಜ, ಆದರೆ ಹಾಗೆ ಮಾಡಬೇಡಿ. ಅಲ್ಲಿ ಒಂದು ಪ್ರಕರಣಕ್ಕೆ ಒಂದು ಕಾರಣ ಅಂಟಿಸಿರುತ್ತಾರೆ. ಆರು ವರ್ಷ ಎಳೆದ ಕೇಸಿಗೆ ಮೊದಲ ಎರಡು ವರ್ಷ ಒಂದು ಕಾರಣ, ಆಮೇಲೆ ಇನ್ನೊಂದು. ಎನ್‌ಜೆಡಿಜಿಯನ್ನು ಎಲ್ಲಿ ಅಗೆಯಬೇಕೆಂದು ತಿಳಿಯಲು ಬಳಸಿ, ಅಗೆಯುವುದನ್ನು ಇ-ಕೋರ್ಟ್ಸ್‌ನಲ್ಲಿ ಮಾಡಿ.

ಮಾದರಿ ಆರಿಸುವುದು

ಎಲ್ಲ ಬಗೆಯ ಕೇಸುಗಳನ್ನೂ ಒಟ್ಟಿಗೆ ಕಲಸಬೇಡಿ. ಪಾಲು ವಿಭಾಗದ ಓ.ಎಸ್. (ಮೂಲ ಸಿವಿಲ್) ದಾವೆ, ಚೆಕ್ ಬೌನ್ಸ್ ಪ್ರಕರಣ, ಪೊಲೀಸರ ದೋಷಾರೋಪ ಪಟ್ಟಿಯ ಮೇಲೆ ನಡೆಯುವ ಸಿ.ಸಿ. (ಕ್ರಿಮಿನಲ್ ಪ್ರಕರಣ), ಡಿಕ್ರಿಯಾದ ಮೇಲಿನ ಅಮಲ್ಜಾರಿ ಅರ್ಜಿ ಇವೆಲ್ಲ ಬೇರೆ ಬೇರೆ ಕಾರಣಕ್ಕೆ ನಿಲ್ಲುತ್ತವೆ. ಒಂದು ಕೋರ್ಟು, ಒಂದು ಬಗೆ, ಒಂದು ವಯಸ್ಸು ಹಿಡಿಯಿರಿ: ಉದಾಹರಣೆಗೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ 3ರಿಂದ 5 ವರ್ಷ ಹಳೆಯ ಸಿ.ಸಿ. ಪ್ರಕರಣಗಳು. ಅಂಥವು 960 ಇವೆ ಎಂದಿಟ್ಟುಕೊಳ್ಳಿ. 120 ಬೇಕೆಂದರೆ ಪ್ರತಿ ಎಂಟನೆಯದನ್ನು ತೆಗೆದುಕೊಳ್ಳಬೇಕು. ಶುರು ಎಲ್ಲಿಂದ ಎಂಬುದನ್ನು 1ರಿಂದ 8ರೊಳಗೆ ಚೀಟಿ ಎತ್ತಿ ನಿರ್ಧರಿಸಿ. ಪಟ್ಟಿಯ ಮೊದಲ 120ನ್ನು ಎತ್ತಿಕೊಳ್ಳುವುದು ದೊಡ್ಡ ತಪ್ಪು. ಚೆಕ್ ಬೌನ್ಸ್ ಪಟ್ಟಿಯಾದರೆ ಒಂದೇ ಫೈನಾನ್ಸ್ ಕಂಪನಿ ಒಂದೇ ದಿನ ಹಾಕಿದ ನಲವತ್ತು ಕೇಸುಗಳು ಸಾಲಾಗಿ ಕೂತಿರಬಹುದು. ಆಗ ನೀವು ಎಣಿಸುವುದು ಆ ಕಂಪನಿಯ ವಕೀಲರ ಅಭ್ಯಾಸವನ್ನು.

120ರ ಮಾದರಿಯಲ್ಲಿ ತಪ್ಪಿನ ಅಂಚು ಸುಮಾರು 9 ಶೇಕಡಾ ಅಂಶ ಆಚೀಚೆ. 5ಕ್ಕೆ ಇಳಿಸಬೇಕೆಂದರೆ 400 ಬೇಕು, ಕೆಲಸ ಮೂರು ಪಟ್ಟಿಗಿಂತ ಹೆಚ್ಚುತ್ತದೆ. ಮೊದಲ ಸುತ್ತಿಗೆ 120 ಸಾಕು. ತಾಣದಲ್ಲಿ ಪ್ರತಿ ಹುಡುಕಾಟಕ್ಕೂ ಕ್ಯಾಪ್ಚಾ ಇದೆ. ಅದನ್ನು ಮುರಿಯುವ ಪ್ರೋಗ್ರಾಂ ಬರೆಯಲು ಹೋಗಬೇಡಿ. ಕೈಯಿಂದ ಮಾಡಿದರೆ ಒಂದು ಕೇಸಿಗೆ ಹತ್ತು ನಿಮಿಷ, ಒಟ್ಟು 20 ಗಂಟೆ. ಓದುತ್ತ ಹೋದಂತೆ ಕೋರ್ಟಿನ ನಡೆ ಅರ್ಥವಾಗುತ್ತದೆ ಎಂಬ ಲಾಭವೂ ಉಂಟು.

ಒಂದೊಂದು ವಾಯಿದೆಗೂ ಒಂದು ಸಾಲು

ಪ್ರಕರಣದ ಪುಟದ ಕೆಳಗೆ ವಿಚಾರಣೆಯ ಇತಿಹಾಸದ ಪಟ್ಟಿ ಇರುತ್ತದೆ. ಅದರಲ್ಲಿನ 'ಉದ್ದೇಶ' ಎಂಬ ಕಲಂ ಆ ದಿನ ಏನು ಆಗಬೇಕಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಏನಾಯಿತು ಎಂದು ತಿಳಿಯಲು ದಿನಾಂಕದ ಮೇಲೆಯೇ ಒತ್ತಬೇಕು. ಆಗ ಆ ದಿನದ ಕಲಾಪದ ಟಿಪ್ಪಣಿ ತೆರೆಯುತ್ತದೆ. ಹೊಸಬರು ಉದ್ದೇಶದ ಕಲಂ ನೋಡಿ 'ಸಾಕ್ಷ್ಯ' ಎಂದಿದ್ದರೆ ಸಾಕ್ಷ್ಯ ನಡೆಯಿತೆಂದು ಬರೆದುಕೊಳ್ಳುತ್ತಾರೆ. ಇಡೀ ಲೆಕ್ಕ ಕೆಡುವುದು ಬಹುತೇಕ ಇಲ್ಲೇ.

ಪ್ರತಿ ಕೇಸಿನ ಕೊನೆಯ 12 ವಾಯಿದೆ ತೆಗೆದುಕೊಳ್ಳಿ. ಒಟ್ಟು 1,440 ಸಾಲು. ಕಲಂಗಳು ಇವು: ಸಿಎನ್‌ಆರ್, ಈ ವಾಯಿದೆಯ ದಿನಾಂಕ, ಮುಂದಿನ ವಾಯಿದೆಯ ದಿನಾಂಕ, ಉದ್ದೇಶ, ಟಿಪ್ಪಣಿಯ ಸಾರ, ಕಾರಣದ ಸಂಕೇತ. ಸಂಕೇತಗಳು ಹತ್ತು ಇದ್ದರೆ ಸಾಕು: ಸಮನ್ಸ್ ಅಥವಾ ವಾರಂಟು ಜಾರಿಯಾಗಿಲ್ಲ, ಆರೋಪಿ ಅಥವಾ ಕಕ್ಷಿದಾರ ಗೈರು, ಸಾಕ್ಷಿ ಗೈರು, ವಕೀಲರು ಕಾಲಾವಕಾಶ ಕೇಳಿದರು, ಸರ್ಕಾರಿ ಅಭಿಯೋಜಕರು ಇಲ್ಲ, ವರದಿ ಅಥವಾ ದಾಖಲೆ ಬಂದಿಲ್ಲ, ನ್ಯಾಯಾಧೀಶರು ರಜೆಯಲ್ಲಿದ್ದಾರೆ ಅಥವಾ ಹುದ್ದೆ ಖಾಲಿ, ಕೋರ್ಟಿಗೆ ಸಮಯ ಸಾಲಲಿಲ್ಲ, ಕೆಲಸ ನಡೆಯಿತು, ದಾಖಲೆಯಿಂದ ಗೊತ್ತಾಗದು. ಕೊನೆಯ ಸಂಕೇತವನ್ನು ಧೈರ್ಯವಾಗಿ ಬಳಸಿ. 'ಮುಂದೂಡಲಾಗಿದೆ' ಎಂಬ ಒಂದೇ ಪದವಿದ್ದರೆ ಊಹೆ ಮಾಡಬಾರದು. ಈ ಸಂಕೇತ ಕಾಲು ಭಾಗ ದಾಟಿದರೆ ಬೇರೆ ತೀರ್ಮಾನಗಳನ್ನು ಬದಿಗಿಟ್ಟು, ಟಿಪ್ಪಣಿ ಸರಿಯಾಗಿ ಬರೆಯಬೇಕೆಂಬ ಕೋರಿಕೆಯನ್ನೇ ಮೊದಲು ಸಲ್ಲಿಸಿ.

ಪೂರ್ತಿ ಕೆಲಸಕ್ಕೆ ಮುಂಚೆ ಇಬ್ಬರೂ ಅದೇ 20 ಕೇಸುಗಳನ್ನು ಬೇರೆ ಬೇರೆ ಕೂತು ಸಂಕೇತಿಸಿ. ನೂರಕ್ಕೆ ಎಂಬತ್ತು ಸಾಲುಗಳಾದರೂ ಹೊಂದದಿದ್ದರೆ ನಿಮ್ಮ ವ್ಯಾಖ್ಯೆಗಳು ಸಡಿಲವಾಗಿವೆ. ಜಗಳ ಸಾಮಾನ್ಯವಾಗಿ ಏಳುವುದು ಒಂದೇ ಕಡೆ: ಸಾಕ್ಷಿ ಬಾರದಿರುವುದು ಸಮನ್ಸ್ ತಲುಪದ್ದರಿಂದಲೋ, ತಲುಪಿಯೂ ಬಾರದ್ದರಿಂದಲೋ? ಜಾರಿಯಾದ ಬಗ್ಗೆ ಟಿಪ್ಪಣಿಯಲ್ಲಿ ಮಾತಿದ್ದರೆ ಎರಡನೆಯದು, ಇಲ್ಲದಿದ್ದರೆ 'ಗೊತ್ತಾಗದು' ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಆಮೇಲೆ ವಾಯಿದೆಗಳನ್ನಷ್ಟೇ ಎಣಿಸಿ ನಿಲ್ಲಿಸಬೇಡಿ, ದಿನಗಳನ್ನು ಕೂಡಿ. ಮುಂದಿನ ದಿನಾಂಕದಿಂದ ಈ ದಿನಾಂಕ ಕಳೆದರೆ ಈ ಮುಂದೂಡಿಕೆ ತಿಂದ ದಿನಗಳು ಸಿಗುತ್ತವೆ. ವಕೀಲರು ಹತ್ತು ಬಾರಿ ಕಾಲಾವಕಾಶ ಕೇಳಿ ಪ್ರತಿ ಸಲ 15 ದಿನ ಪಡೆದರೆ 150 ದಿನ. ವಾರಂಟು ನಾಲ್ಕೇ ಬಾರಿ ಹಿಂದಿರುಗಿ ಪ್ರತಿ ಸಲ 60 ದಿನ ಹೋದರೆ 240. ಸಂಖ್ಯೆಯಲ್ಲಿ ವಕೀಲರು ಮುಂದೆ, ಕಾಲದಲ್ಲಿ ವಾರಂಟು ಮುಂದೆ. ವಕೀಲರನ್ನು ದೂರುವ ಎಷ್ಟೋ ವರದಿಗಳು ಈ ಕಳೆಯುವ ಲೆಕ್ಕವನ್ನೇ ಮಾಡಿರುವುದಿಲ್ಲ.

ಇದರ ಜತೆಗೆ ಅದೇ ಕೋರ್ಟಿನ ದೈನಂದಿನ ಕಾಸ್ ಲಿಸ್ಟನ್ನು, ಅಂದರೆ ಆ ದಿನ ವಿಚಾರಣೆಗೆ ಬರುವ ಪ್ರಕರಣಗಳ ಪಟ್ಟಿಯನ್ನು, ಎರಡು ವಾರ ಎಣಿಸಿ. ದಿನಕ್ಕೆ 90 ಪ್ರಕರಣ ಹಾಕಿದ್ದಾರೆ, ಕೋರ್ಟು ಐದೂವರೆ ಗಂಟೆ ಕೂರುತ್ತದೆ ಎಂದರೆ ತಲಾ 3 ನಿಮಿಷ 40 ಸೆಕೆಂಡು. ಒಂದು ಪಾಟೀಸವಾಲಿಗೇ ಒಂದು ಗಂಟೆ ಬೇಕಾಗಬಹುದು. 'ಸಮಯ ಸಾಲಲಿಲ್ಲ' ಎಂಬ ಸಂಕೇತ ಎಲ್ಲಿಂದ ಬಂತೆಂದು ಇದರಿಂದ ತಿಳಿಯುತ್ತದೆ.

ಅಂಕಿ ಮೋಸ ಮಾಡುವ ಜಾಗಗಳು

ವಿಲೇವಾರಿ ದರ, ಅಂದರೆ ಹೊಸದಾಗಿ ಬಂದ 100 ಕೇಸಿಗೆ ಮುಗಿದವು ಎಷ್ಟು ಎಂಬ ಲೆಕ್ಕ, ಲೋಕ ಅದಾಲತ್ ನಡೆದ ತಿಂಗಳಲ್ಲಿ ಜಿಗಿಯುತ್ತದೆ. 600 ದಾಖಲಾಗಿ 540 ಮುಗಿದರೆ ದರ 90. ಆ 540ರಲ್ಲಿ 140 ಅದಾಲತ್‌ನಲ್ಲಿ ಮುಗಿದ ಸಣ್ಣ ದಂಡದ ಕೇಸುಗಳಾದರೆ ಉಳಿದ 400ರ ದರ 67ರ ಆಸುಪಾಸು. ವಿಚಾರಣೆ ನಡೆದು ಮುಗಿದದ್ದು, ರಾಜಿಯಾದದ್ದು, ಗೈರುಹಾಜರಿಗೆ ವಜಾ ಆದದ್ದು ಇವನ್ನು ಬೇರ್ಪಡಿಸಿ. ಮುಕ್ತಾಯದ ಬಗೆ ಪ್ರಕರಣದ ಪುಟದಲ್ಲೇ ಇರುತ್ತದೆ.

ಮುಗಿದ ಕೇಸುಗಳ ಸರಾಸರಿ ಅವಧಿ ಇನ್ನೂ ದೊಡ್ಡ ಬಲೆ. ನ್ಯಾಯಾಧೀಶರೊಬ್ಬರು ಹಟ ಹಿಡಿದು 15 ವರ್ಷ ಹಳೆಯ ದಾವೆಗಳನ್ನು ಮುಗಿಸಿದ ವರ್ಷವೇ ಆ ಕೋರ್ಟಿನ ಸರಾಸರಿ ಹದಗೆಟ್ಟಂತೆ ಕಾಣುತ್ತದೆ. ಹಳೆಯದನ್ನು ಮುಟ್ಟದೆ ಹೊಸ ಸುಲಭದ ಕೇಸು ಮುಗಿಸಿದವರು ಚುರುಕಾಗಿ ಕಾಣುತ್ತಾರೆ. ಆದ್ದರಿಂದ ಒಂದೇ ವರ್ಷ ದಾಖಲಾದ ಕೇಸುಗಳ ಗುಂಪನ್ನು ಹಿಡಿದು, ಮೂರು ವರ್ಷದ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದಿವೆ ಎಂದು ನೋಡುವುದು ಮೇಲು. ಸರಾಸರಿಯ ಬದಲು ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಕೊಡಿ.

ತಲೆಮರೆಸಿಕೊಂಡ ಆರೋಪಿಗಳ ಎಲ್‌ಪಿಸಿ (ದೀರ್ಘಕಾಲ ಬಾಕಿ) ಪ್ರಕರಣಗಳನ್ನೂ ಹೈಕೋರ್ಟ್ ತಡೆಯಾಜ್ಞೆ ಇರುವವನ್ನೂ ಬೇರೆ ಹಾಳೆಗೆ ಹಾಕಿ. ಆ ಕೋರ್ಟು ಅವುಗಳಿಗೆ ಹೆಚ್ಚೇನೂ ಮಾಡಲಾರದು. ಹೊಸ ಕೋರ್ಟು ಸ್ಥಾಪನೆಯಾಗಿ ವರ್ಗವಾದ ಕೇಸುಗಳ ಇತಿಹಾಸ ವರ್ಗವಾದ ದಿನದಿಂದಷ್ಟೇ ಕಾಣಬಹುದು, ಹಳೆಯ ಸಂಖ್ಯೆ ಹುಡುಕಿ ಜೋಡಿಸಬೇಕು. 2020-21ರ ವಾಯಿದೆಗಳಿಗೆ ಕೋವಿಡ್ ಎಂದು ಗುರುತು ಹಾಕಿ. ಸುಪ್ರೀಂ ಕೋರ್ಟೇ 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ಕಾಲವನ್ನು ಕಾಲಮಿತಿಯ ಲೆಕ್ಕದಿಂದ ಹೊರಗಿಟ್ಟಿತ್ತು.

ನ್ಯಾಯಾಧೀಶರ ಹೆಸರಿನ ಮೇಲೆ ರ‍್ಯಾಂಕ್ ಪಟ್ಟಿ ಮಾಡಬೇಡಿ. ನ್ಯಾಯಾಂಗ ನಿಂದನೆಯ ಭಯ ಒಂದು ಕಡೆಗಿರಲಿ, ಕೆಲ ವರ್ಷಗಳಿಗೊಮ್ಮೆ ವರ್ಗವಾಗುವವರ ಮೇಲೆ ಹಿಂದಿನವರ ಬಾಕಿ ಹೊರಿಸಿದರೆ ಲೆಕ್ಕವೇ ತಪ್ಪು. ಕಕ್ಷಿದಾರರ ಹೆಸರನ್ನು ಹಾಳೆಯಲ್ಲಿ ಬರೆದುಕೊಳ್ಳುವ ಅಗತ್ಯವೇ ಇಲ್ಲ. ಲೈಂಗಿಕ ಅಪರಾಧ, ಪೋಕ್ಸೊ, ಬಾಲನ್ಯಾಯ ಪ್ರಕರಣಗಳಲ್ಲಿ ಗುರುತು ಬಯಲಾಗುವುದೇ ಅಪರಾಧ. ಅವುಗಳ ಸಿಎನ್‌ಆರ್ ಅನ್ನೂ ಹೊರಗೆ ಕೊಡಬೇಡಿ.

ಜೈಲಿನ ಅಂಕಿ

ಇಲ್ಲಿ ದತ್ತಾಂಶದಿಂದ ಫಲ ಬೇಗ ಸಿಗಬಲ್ಲದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) 2022ರ ಕಾರಾಗೃಹ ಅಂಕಿಅಂಶದಂತೆ ದೇಶದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು, ನಾಲ್ಕರಲ್ಲಿ ಮೂರು ಪಾಲು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಸಿಗದು. ಕೋರ್ಟಿಗೆ ಅರ್ಜಿ ಕೊಡಬೇಕಾದವರು ಜೈಲಿನ ಸೂಪರಿಂಟೆಂಡೆಂಟ್. ಸಂಹಿತೆ ಜಾರಿಯಾದ 1 ಜುಲೈ 2024ಕ್ಕೂ ಮುಂಚಿನ ಪ್ರಕರಣಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟಿನಲ್ಲಿ ಹೇಳಿತು.

ಕೈದಿಗಳ ಹೆಸರು ಕೇಳದೆ, ನಿಮ್ಮ ಜಿಲ್ಲಾ ಜೈಲಿನಲ್ಲಿ ಆರು ತಿಂಗಳು, ಒಂದು ವರ್ಷ, ಎರಡು ವರ್ಷ ದಾಟಿದ ವಿಚಾರಣಾಧೀನರು ಎಷ್ಟು, ಜಾಮೀನು ಸಿಕ್ಕಿಯೂ ಹೊರಬರದವರು ಎಷ್ಟು ಎಂಬ ಎರಡು ಅಂಕಿ ಕೇಳಿ. ಎರಡನೆಯದು ಹೆಚ್ಚು ಮುಖ್ಯ. ಜಾಮೀನುದಾರ ಸಿಗದೆ ಒಳಗೇ ಉಳಿದವರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ನಿರ್ದೇಶನ ಕೊಟ್ಟಿದೆ: ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಗೆ ನಿಮ್ಮ ಪಟ್ಟಿ ಸಭೆಗೆ ಮುಂಚೆಯೇ ತಲುಪಬೇಕು.

ಯಾವ ಬಾಗಿಲು ತಟ್ಟಬೇಕು

ಕಾರಣ ಬೇರೆಯಾದರೆ ಬಾಗಿಲೂ ಬೇರೆ. ಸಮನ್ಸ್, ವಾರಂಟು ಪೊಲೀಸರ ಮೂಲಕ ಹೋಗಿದ್ದರೆ ಠಾಣಾವಾರು ಲೆಕ್ಕ ಮಾಡಿ ಎಸ್‌ಪಿ ಅವರಿಗೆ ಕೊಡಿ. ಕೋರ್ಟಿನ ಅಮೀನರ ಮೂಲಕವಾದರೆ ಜಿಲ್ಲಾ ನ್ಯಾಯಾಧೀಶರಿಗೆ. ಹೊಸ ಸಂಹಿತೆ ಎಲೆಕ್ಟ್ರಾನಿಕ್ ವಿಧಾನದಲ್ಲಿ ಸಮನ್ಸ್ ಜಾರಿಗೂ ಅವಕಾಶ ಕೊಟ್ಟಿದೆ, ಅದನ್ನು ಎಷ್ಟು ಬಳಸುತ್ತಿದ್ದಾರೆಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅಭಿಯೋಜಕರ ಕೊರತೆ ಅಭಿಯೋಜನಾ ಇಲಾಖೆಗೆ, ವಿಧಿವಿಜ್ಞಾನ ವರದಿ ಗೃಹ ಇಲಾಖೆಗೆ, ಜಮೀನಿನ ಅಳತೆ ನಕ್ಷೆ ಭೂಮಾಪನ ಇಲಾಖೆಗೆ. ನ್ಯಾಯಾಧೀಶರ ಹುದ್ದೆ ಖಾಲಿ ಇದ್ದರೆ ಹೈಕೋರ್ಟಿಗೆ. ಕರ್ನಾಟಕದಲ್ಲಿ ಸಿವಿಲ್ ನ್ಯಾಯಾಧೀಶರ ನೇಮಕಾತಿ ನಡೆಸುವುದೂ ಅದೇ. ವಕೀಲರ ಮುಂದೂಡಿಕೆಯ ಲೆಕ್ಕವನ್ನು ಪತ್ರಿಕೆಗೆ ಕೊಡುವ ಮುಂಚೆ ವಕೀಲರ ಸಂಘಕ್ಕೆ ತೋರಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಬೇಡವೆನ್ನುತ್ತದೆ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಎದುರಿಗೆ ಅಂಕಿ ಇದ್ದಾಗ ಮಾತಿನ ದಾಟಿ ಬೇರೆಯಾಗುತ್ತದೆ.

ಖಾಲಿ ಹುದ್ದೆಯ ವಿವರಕ್ಕೆ ಮಾಹಿತಿ ಹಕ್ಕು ಅರ್ಜಿ ಬೇಕಾಗುತ್ತದೆ. ರಾಜ್ಯದ ಇಲಾಖೆಗಳಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ನ್ಯಾಯಾಲಯಗಳಿಗೆ ಹೈಕೋರ್ಟಿನ ಪ್ರತ್ಯೇಕ ನಿಯಮಗಳಿವೆ, ನಮೂನೆ ನೋಡಿಕೊಂಡು ಹಾಕಿ. 'ಯಾಕೆ ತಡ' ಎಂದು ಕೇಳಿದರೆ ಉತ್ತರ ಬಾರದು. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಪ್ರತಿಯೊಂದೂ ಖಾಲಿಯಾದ ದಿನಾಂಕ ಎಂದು ಕೇಳಿ.

ವರದಿ ಎರಡು ಪುಟ ಮೀರಬಾರದು: ಮೇಲೆ ಕಾರಣವಾರು ನಷ್ಟವಾದ ದಿನಗಳ ಕೋಷ್ಟಕ, ಕೆಳಗೆ ವಿಧಾನ, ಮಿತಿಗಳು, ಕೊನೆಗೆ ಆ ಕಚೇರಿಯಿಂದ ಆಗಬೇಕಾದ ಒಂದೇ ಕೆಲಸ. ಆರು ತಿಂಗಳ ನಂತರ ಹೊಸ 120 ಕೇಸು ಎತ್ತಿ, ಅವೇ ಸಂಕೇತಗಳಿಂದ, ಈ ಸಲ ಆ ಆರು ತಿಂಗಳೊಳಗಿನ ವಾಯಿದೆಗಳನ್ನು ಮಾತ್ರ ಎಣಿಸಿ. 1,440 ಸಾಲು ಇತ್ತೆಂದು ಹಿಗ್ಗಬೇಡಿ. ಒಂದೇ ಕೇಸಿನ ವಾಯಿದೆಗಳು ಒಂದನ್ನೊಂದು ಹೋಲುವುದರಿಂದ ಮಾದರಿಯ ನಿಜವಾದ ಗಾತ್ರವನ್ನು 120 ಎಂದೇ ಹಿಡಿಯುವುದು ಕ್ಷೇಮ. ಎರಡು ಸುತ್ತುಗಳ ನಡುವೆ 12-13 ಶೇಕಡಾ ಅಂಶಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಅದನ್ನು ಸುಧಾರಣೆ ಎಂದೂ ಕರೆಯಬೇಡಿ, ಹಿನ್ನಡೆ ಎಂದೂ ಕರೆಯಬೇಡಿ. ನಡುವೆ ನ್ಯಾಯಾಧೀಶರು ಬದಲಾಗಿದ್ದರೆ ಆ ದಿನಾಂಕವನ್ನು ಕೋಷ್ಟಕದ ಕೆಳಗೆ ನಮೂದಿಸಿ.