ಹಠ ಅಲ್ಲ, ಚೆಂಬಿನ ಸದ್ದು

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಿಗೆ ಹೋಗಿ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುವ ಆಕ್ಯುಪೇಷನಲ್ ಥೆರಪಿಸ್ಟ್ ನಾನು, ಅಂದರೆ ಸ್ನಾನ, ಬಟ್ಟೆಯಂಥ ದಿನನಿತ್ಯದ ಕೆಲಸ ರೂಢಿಸಲು ನೆರವಾಗುವವಳು. ಅಮ್ಮಂದಿರು ಮೊದಲು ಕೇಳುವುದು ಮಗು ಯಾವಾಗ ಮಾತಾಡುತ್ತದೆ ಅಂತ. ನಾನು ಮೊದಲು ಕೇಳುವುದು ಸ್ನಾನ ಹೇಗೆ ಅಂತ. ಬೆಳಿಗ್ಗೆ ಮನೆಮಂದಿಯೆಲ್ಲ ಸುಸ್ತಾಗುವುದು ಅಲ್ಲೇ ಅಲ್ವಾ?

ಒಬ್ಬ ಹುಡುಗ ಬಚ್ಚಲುಮನೆ ಹತ್ತಿರ ಹೋದರೆ ಸಾಕು, ಕಿರುಚುತ್ತಿದ್ದ. "ಮಾಣಿಗೆ ಹಠ ಜಾಸ್ತಿ" ಅಂತ ಅಜ್ಜಿ. ನಾನು ಸುಮ್ನೆ ಬಾಗಿಲಲ್ಲಿ ನಿಂತು ನೋಡಿದೆ. ನೀರು ಮೈಗೆ ಬೀಳುವ ಮೊದಲೇ ಅವನ ಕೈ ಕಿವಿಗೆ ಹೋಗುತ್ತಿತ್ತು. ಚೆಂಬು ಹಂಡೆಗೆ ತಾಗಿದಾಗಿನ ಠಣ್ ಸದ್ದು! ಸದ್ದಿಗೆ, ಸ್ಪರ್ಶಕ್ಕೆ ಹೀಗೆ ಅತಿಯಾಗಿ ಸ್ಪಂದಿಸುವುದನ್ನು, ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು, ಅಮೆರಿಕದ ಮನೋವೈದ್ಯರ ಸಂಘದ 2013ರ ರೋಗಪತ್ತೆ ಕೈಪಿಡಿ ಡಿಎಸ್‌ಎಂ-5 ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ.

ಚೆಂಬು ಹೋಗಿ ಪ್ಲಾಸ್ಟಿಕ್ ಮಗ್ ಬಂತು. ನೀರನ್ನು ಮೊದಲೇ ಬಕೆಟ್ಟಿಗೆ ಬೆರೆಸಿಟ್ಟೆವು. ಮಗ್ ಅವನ ಕೈಗೇ ಕೊಟ್ಟೆವು. ಮೊದಲು ಪಾದ, ಆಮೇಲೆ ಮೊಣಕಾಲು, ಹೊಟ್ಟೆ. ತಲೆ ಕೊನೆಗೆ, ಅದೂ "ಒಂದು, ಎರಡು, ಮೂರು" ಅಂತ ಹೇಳಿಯೇ. ಒರೆಸುವಾಗ ಬೈರಾಸನ್ನು ಮೆಲ್ಲಗೆ ಸವರಬಾರದು, ಗಟ್ಟಿಯಾಗಿ ಒತ್ತಬೇಕು. ಇಂಥ ಎಷ್ಟೋ ಮಕ್ಕಳಿಗೆ ಹಗುರ ಸ್ಪರ್ಶವೇ ಕಿರಿಕಿರಿ.

ಸ್ನಾನಕ್ಕೆ ಮೊದಲು ಅಂಗಳದಲ್ಲಿ ಅಡಿಕೆ ಹಾಳೆ ಆಟ. ತಂಗಿಯನ್ನು ಹಾಳೆ ಮೇಲೆ ಕೂರಿಸಿ ಇವನು ಎಳೆಯಬೇಕು. ಸ್ನಾಯು, ಕೀಲುಗಳಿಗೆ ಹೀಗೆ ಭಾರ ಬಿದ್ದರೆ ಕೆಲವು ಮಕ್ಕಳು ಸಮಾಧಾನಕ್ಕೆ ಬರುತ್ತಾರೆ. ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ಬೆಳೆಸಿದ ವಿಚಾರದಿಂದ ಬಂದದ್ದು ಇದು. ಎಲ್ಲರಿಗೂ ಹಿಡಿಸುತ್ತದೆ ಅಂತ ನಾನು ಹೇಳಲಾರೆ. ಇವನಿಗೆ ಹಿಡಿಸಿತು. ತಂಗಿಗಂತೂ ಖುಷಿಯೋ ಖುಷಿ.

ಇನ್ನೊಂದು ಮನೆಯ ಹುಡುಗಿ ಇದಕ್ಕೆ ತದ್ವಿರುದ್ಧ. ಸುಡುನೀರಿಗೆ ಕೈ ಹಾಕಿದರೂ ಹಿಂದೆ ತೆಗೆಯುವುದಿಲ್ಲ. ಅಂಥ ಮಕ್ಕಳ ನೀರನ್ನು ದೊಡ್ಡವರು ಮೊಣಕೈ ಅದ್ದಿ ನೋಡಲೇಬೇಕು.

ಆ ಮೊದಲ ಹುಡುಗನಿಗೆ ಬಟ್ಟೆ ಹಾಕುವುದನ್ನು ಕೊನೆಯಿಂದ ಕಲಿಸುತ್ತೇನೆ. ಚಡ್ಡಿಯನ್ನು ಮೊಣಕಾಲಿನ ಮೇಲಿನವರೆಗೆ ನಾವು ಏರಿಸುವುದು, ಸೊಂಟಕ್ಕೆ ಎಳೆದುಕೊಳ್ಳುವುದು ಅವನ ಕೆಲಸ. ಅದು ಬಂದ ಮೇಲೆ ಮೊಣಕಾಲಿನ ಕೆಳಗಿಂದ, ಆಮೇಲೆ ಪಾದದಿಂದ. ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಹಲ್ಲುಜ್ಜಲು ಪೇಸ್ಟಿನ ಖಾರ ತಡೆಯದಿದ್ದರೆ ಸದ್ಯಕ್ಕೆ ಬರೀ ನೀರು, ಮೆತ್ತನೆ ಬ್ರಷ್ ಸಾಕು.

ಕ್ಷೌರ ಮಾತ್ರ ಇನ್ನೂ ಕಷ್ಟ. ಟ್ರಿಮ್ಮರ್ ಬೇಡವೆಂದು ಮನೆಗೇ ಕರೆಸಿ ಕತ್ತರಿಯಲ್ಲಿ ಮಾಡಿಸುತ್ತೇವೆ, ಇವತ್ತು ಅರ್ಧ, ನಾಳೆ ಅರ್ಧ. ಒಂದು ದಿನ ಅರ್ಧ ತಲೆಯಲ್ಲೇ ಶಾಲೆಗೆ ಹೋದ. ಯಾರಿಗೇನು ನಷ್ಟ?