ಕ್ರೆಡಿಟ್ ಕಾರ್ಡ್ ಮೂಲಕ ವಿಮಾನ ನಿಲ್ದಾಣದ ಲೌಂಜ್ ಪ್ರವೇಶ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರಡುವವರು ತಮ್ಮ ಕ್ರೆಡಿಟ್ ಕಾರ್ಡ್‌ಗೆ ಲೌಂಜ್ (ವಿಮಾನಕ್ಕೆ ಕಾಯುವವರ ವಿಶ್ರಾಂತಿ ಕೊಠಡಿ) ಸೌಲಭ್ಯವಿದೆ ಎಂದಷ್ಟೇ ತಿಳಿದಿದ್ದರೆ ಸಾಲದು. ಪ್ರಯಾಣದ ತ್ರೈಮಾಸಿಕದಲ್ಲಿ ಎಷ್ಟು ಉಚಿತ ಭೇಟಿಗಳು ಉಳಿದಿವೆ, ಹಿಂದಿನ ತ್ರೈಮಾಸಿಕದಲ್ಲಿ ಕಾರ್ಡ್‌ನಿಂದ ಇಂತಿಷ್ಟು ಖರ್ಚು ಮಾಡಿರಬೇಕೆಂಬ ಷರತ್ತು ಪೂರೈಸಿದೆಯೇ ಎಂಬುದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮನೆಯಲ್ಲಿಯೇ ನೋಡಿಕೊಳ್ಳಬೇಕು. ಅತಿ ಮುಖ್ಯವಾದ ಹೆಜ್ಜೆ ಇದೇ. ಉದಾಹರಣೆಗೆ, ಐಸಿಐಸಿಐ ಬ್ಯಾಂಕ್ ತನ್ನ ಹಲವು ಕಾರ್ಡ್‌ಗಳಿಗೆ 2024ರ ಏಪ್ರಿಲ್‌ನಲ್ಲಿ 35,000 ರೂಪಾಯಿ ಖರ್ಚಿನ ಷರತ್ತು ವಿಧಿಸಿ, ಅದೇ ವರ್ಷದ ನವೆಂಬರ್‌ನಲ್ಲಿ ಅದನ್ನು 75,000ಕ್ಕೆ ಏರಿಸಿತು. ಲೌಂಜ್‌ಗಾಗಿಯೇ ಬೇಡದ ವಸ್ತುಗಳನ್ನು ಕೊಳ್ಳುವುದು ಖಂಡಿತ ಸರಿಯಲ್ಲ.

ಭದ್ರತಾ ತಪಾಸಣೆಯ ನಂತರ ಲೌಂಜ್‌ನ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಮತ್ತು ನಿಮ್ಮದೇ ಹೆಸರಿನ ಮೂಲ ಕಾರ್ಡನ್ನು ನೀಡಿದರೆ, ಪರಿಶೀಲನೆಗಾಗಿ ಕಾರ್ಡ್‌ನಿಂದ ಸಣ್ಣ ಮೊತ್ತವೊಂದನ್ನು, ಹಲವು ರುಪೇ ಕಾರ್ಡ್‌ಗಳಲ್ಲಿ 2 ರೂಪಾಯಿಯನ್ನು, ಕಡಿತಗೊಳಿಸುತ್ತಾರೆ. ಪಿನ್ ನೆನಪಿರಲಿ.

ವಿದೇಶಗಳಲ್ಲಿ ಸಾಮಾನ್ಯವಾಗಿ ಪ್ರಯಾರಿಟಿ ಪಾಸ್‌ನಂತಹ ಪ್ರತ್ಯೇಕ ಸದಸ್ಯತ್ವ ಬೇಕಾಗುವುದರಿಂದ, ಅದಕ್ಕೆ ಪ್ರಯಾಣಕ್ಕೆ ಕೆಲವು ವಾರ ಮೊದಲೇ ಅರ್ಜಿ ಸಲ್ಲಿಸಬೇಕು. ಜೊತೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ, ಅತಿಥಿ ಶುಲ್ಕದ ನಿಯಮವನ್ನು ಮುಂಚಿತವಾಗಿ ಓದಿರಿ. ಉಚಿತವೆಂದು ಭಾವಿಸಿ ಒಳಹೋದ ಮೇಲೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಡಾಲರ್ ಲೆಕ್ಕದ ಶುಲ್ಕದೊಂದಿಗೆ ಜಿಎಸ್‌ಟಿಯೂ ಸೇರಿ ಬರಬಹುದು. ಹಲವು ಬ್ಯಾಂಕುಗಳು ಹೆಚ್ಚುವರಿ ಕಾರ್ಡ್‌ಗಳನ್ನು ಕುಟುಂಬದವರಿಗೆ ಕೊಡುತ್ತವೆ. ಅವುಗಳಿಗೂ ಲೌಂಜ್ ಸೌಲಭ್ಯವಿದ್ದಲ್ಲಿ ಅದೇ ಉತ್ತಮ ದಾರಿ.