ದೋಣಿಯ ಮೋಟರಿಗೆ ಬ್ಯಾಟರಿ, ಬ್ಯಾಟರಿಗೆ ಚಾರ್ಜರ್: ನಾನು ಆರಿಸಿಕೊಂಡ ಬಗೆ

ವಿದ್ಯುತ್ ಮೋಟರಿನ ಮೈಮೇಲೆ ಬರೆದಿರುವ ಪೌಂಡುಗಳ ಲೆಕ್ಕ ಅದು ದೋಣಿಯನ್ನು ಎಷ್ಟು ಬಲದಿಂದ ತಳ್ಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಬ್ಯಾಟರಿ ಕೊಳ್ಳುವವರಿಗೆ ಬೇಕಾದದ್ದು ಅದು ಎಳೆಯುವ ಕರೆಂಟಿನ ಲೆಕ್ಕ. ನನ್ನದು ಇಬ್ಬರು ಕೂರುವ, ಸುಮಾರು ನಾಲ್ಕು ಮೀಟರ್ ಉದ್ದದ ಫೈಬರ್ ದೋಣಿ. ಅದರ ಹಿಂಬದಿಗೆ 12 ವೋಲ್ಟಿನ, 55 ಪೌಂಡ್ ಥ್ರಸ್ಟಿನ ಮೋಟರ್ ಹಾಕಿದ್ದೇನೆ. ಈ ಗಾತ್ರದ ಮೋಟರುಗಳು ಪೂರ್ಣ ವೇಗದಲ್ಲಿ 50 ಆಂಪಿಯರಿನ ಆಸುಪಾಸು, ಅಂದರೆ ಸುಮಾರು 600 ವ್ಯಾಟ್ ಎಳೆಯುತ್ತವೆ. ಆದರೆ ಕೆರೆಯಲ್ಲಿ ಯಾರೂ ಹೊತ್ತಿಡೀ ಪೂರ್ಣ ವೇಗದಲ್ಲಿ ಓಡಿಸುವುದಿಲ್ಲವಾದ್ದರಿಂದ, ಆ ಒಂದು ಅಂಕಿಯನ್ನೇ ನಂಬಿ ಬ್ಯಾಟರಿ ಆರಿಸಿದರೆ ಅನಗತ್ಯ ಭಾರವನ್ನೂ ಖರ್ಚನ್ನೂ ಹೊತ್ತುಕೊಂಡಂತಾಗುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಬೇರೆಯವರ ಬ್ಯಾಟರಿಯೊಂದನ್ನು ಕೇಳಿ ತಂದು, ಡಿಸಿ ಕರೆಂಟ್ ಅಳೆಯಬಲ್ಲ ಕ್ಲ್ಯಾಂಪ್ ಮೀಟರನ್ನು ಪಾಸಿಟಿವ್ ವೈರಿನ ಸುತ್ತ ಸಿಕ್ಕಿಸಿ, ಒಂದೊಂದು ವೇಗದಲ್ಲೂ ಅಳತೆ ತೆಗೆದುಕೊಂಡೆ. (ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಅನೇಕವು ಎಸಿಯನ್ನು ಮಾತ್ರ ಅಳೆಯುತ್ತವೆ, ಕೊಳ್ಳುವಾಗ ನೋಡಿಕೊಳ್ಳಬೇಕು.) ದೋಣಿಯನ್ನು ದಡಕ್ಕೆ ಕಟ್ಟಿ ಅಳೆದರೆ ನಿಜಕ್ಕಿಂತ ಹೆಚ್ಚಿನ ಅಂಕಿ ಬರುತ್ತದೆ, ಏಕೆಂದರೆ ನಿಂತ ದೋಣಿಯಲ್ಲಿ ಪ್ರೊಪೆಲ್ಲರಿನ ಮೇಲೆ ಬೀಳುವ ಹೊರೆ ಚಲಿಸುವ ದೋಣಿಯಲ್ಲಿ ಬೀಳುವುದಕ್ಕಿಂತ ಹೆಚ್ಚು, ಆದ್ದರಿಂದ ಅಳತೆಯನ್ನು ಚಲಿಸುತ್ತಲೇ ಮಾಡಬೇಕು. ನನಗೆ ಹಿತವೆನಿಸಿದ, ನಡಿಗೆಗಿಂತ ಸ್ವಲ್ಪ ಚುರುಕಾದ ವೇಗದಲ್ಲಿ ಮೀಟರ್ 18 ಆಂಪಿಯರಿನ ಸುತ್ತಮುತ್ತ ಆಡುತ್ತಿತ್ತು. ಪ್ರೊಪೆಲ್ಲರಿಗೆ ಜೊಂಡು ಸುತ್ತಿಕೊಂಡಾಗ ಅದೇ ವೇಗದಲ್ಲಿ ಅಂಕಿ ಮೇಲೇರುವುದನ್ನೂ ಕಂಡೆ. ಇಂಥ ದೋಣಿ ನೀರನ್ನು ಸೀಳಿಕೊಂಡು ಹೋಗಲು ಬೇಕಾಗುವ ಶಕ್ತಿ ಸರಿಸುಮಾರಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಕೊನೆಯ ಒಂದಿಷ್ಟು ವೇಗಕ್ಕಾಗಿ ನಾವು ತೆರುವ ಆಂಪಿಯರುಗಳು ಉಳಿದೆಲ್ಲಕ್ಕಿಂತ ದುಬಾರಿ. ಆದರೆ ಹಳೆಯ ಬಗೆಯ ಐದು ಮೆಟ್ಟಿಲಿನ ವೇಗದ ಮೋಟರುಗಳಲ್ಲಿ ಕಡಿಮೆ ವೇಗದಲ್ಲೂ ಒಂದಷ್ಟು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ. ಕರೆಂಟನ್ನು ಮಿಡಿತಗಳಾಗಿ ಕತ್ತರಿಸಿ ಕೊಡುವ ಹೊಸ ನಿಯಂತ್ರಕಗಳಲ್ಲಿ ಈ ನಷ್ಟ ಬಹಳ ಕಡಿಮೆ.

ನನ್ನ ಲೆಕ್ಕ ಹೀಗೆ ಸಾಗಿತು: ಮೂರು ಗಂಟೆ 18 ಆಂಪಿಯರಿನಲ್ಲಿ ಓಡಿದರೆ 54 ಆಂಪಿಯರ್ ಅವರ್, ಎದುರುಗಾಳಿಗೆಂದು ಅರ್ಧ ಗಂಟೆ ಪೂರ್ಣ ವೇಗ ಸೇರಿಸಿದರೆ ಇನ್ನೂ 25, ಒಟ್ಟು 79. ಇಷ್ಟನ್ನು ನೆಮ್ಮದಿಯಾಗಿ ಕೊಡುವ ಬ್ಯಾಟರಿ ಯಾವುದು ಎಂಬುದೇ ಉಳಿದ ಪ್ರಶ್ನೆ.

ಕಾರಿನ ಬ್ಯಾಟರಿಯನ್ನು ಮೊದಲೇ ಪಟ್ಟಿಯಿಂದ ತೆಗೆದುಹಾಕಿದ್ದೆ. ಎಂಜಿನ್ ಸ್ಟಾರ್ಟ್ ಮಾಡಲು ಕೆಲವು ಸೆಕೆಂಡು ಭಾರಿ ಕರೆಂಟ್ ಕೊಡಲೆಂದು ಅದರ ಒಳಗೆ ತೆಳುವಾದ ಪ್ಲೇಟುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ಪದೇ ಪದೇ ಆಳಕ್ಕೆ ಖಾಲಿಯಾದರೆ ಅವು ಬೇಗ ಹಾಳಾಗುತ್ತವೆ. ದಪ್ಪ ಪ್ಲೇಟಿನ ಡೀಪ್ ಸೈಕಲ್ ಲೆಡ್ ಆಸಿಡ್ ಬ್ಯಾಟರಿ ಇದಕ್ಕೆ ತಕ್ಕದ್ದೇ, ಆದರೆ ಅದರ ಲೇಬಲನ್ನು ಓದುವಾಗ ಎರಡು ಕಡಿತಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 100 ಆಂಪಿಯರ್ ಅವರ್ ಎಂಬುದು ಸಾಮಾನ್ಯವಾಗಿ 20 ಗಂಟೆಗಳ ಲೆಕ್ಕ, ಅಂದರೆ ಒಂದೇ ಸಮನೆ ಐದು ಆಂಪಿಯರಿನಂತೆ ನಿಧಾನವಾಗಿ ಎಳೆದಾಗ ಸಿಗುವ ಪ್ರಮಾಣ. ಅದೇ ಬ್ಯಾಟರಿಯಿಂದ 50 ಆಂಪಿಯರ್ ಎಳೆದರೆ ಸಿಗುವುದು 60ರ ಆಚೀಚೆ. ಎಳೆತ ಹೆಚ್ಚಿದಂತೆ ದಕ್ಕುವ ಸಾಮರ್ಥ್ಯ ಕುಗ್ಗುವ ಈ ಗುಣವನ್ನು ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಸೂತ್ರವಾಗಿ ಬರೆದಿಟ್ಟ. ಎರಡನೆಯದಾಗಿ, ಬಾಳಿಕೆ ಬೇಕಿದ್ದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಈ ಎರಡನ್ನೂ ಸೇರಿಸಿದಾಗ ನನ್ನ 79ಕ್ಕೆ 100ರ ಎರಡು ಬ್ಯಾಟರಿ ಬೇಕಾಗುತ್ತಿತ್ತು, ಅದೂ ಅಂತೂ ಇಂತೂ ಸಾಲುವಂತೆ. ಅವುಗಳ ತೂಕ 55 ಕಿಲೋಗೂ ಹೆಚ್ಚು. ಮೋಟರ್, ನಾನು, ಬ್ಯಾಟರಿ ಮೂವರೂ ಹಿಂಬದಿಯಲ್ಲೇ ಕೂತರೆ ಇಷ್ಟು ಸಣ್ಣ ದೋಣಿ ಮೂತಿ ಎತ್ತಿಕೊಂಡೇ ಸಾಗುತ್ತದೆ.

ಕೊನೆಗೆ ಆರಿಸಿದ್ದು 12.8 ವೋಲ್ಟಿನ, 100 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ತೂಕ ಹನ್ನೆರಡು ಕಿಲೋದಷ್ಟು, ಒಂದೇ ಕೈಯಲ್ಲಿ ಎತ್ತಬಹುದು. ಶೇಕಡಾ 80ರವರೆಗೆ ಬಳಸಿದರೂ ಸಾವಿರಾರು ಸಲ ಚಾರ್ಜ್ ತಾಳಿಕೊಳ್ಳುತ್ತದೆ. ಪ್ಯೂಕರ್ಟ್ ಹೇಳಿದ ಕುಗ್ಗುವಿಕೆ ಇದರಲ್ಲಿ ಗಣನೆಗೆ ಬಾರದಷ್ಟು. ಕೊಳ್ಳುವಾಗ ನಾನು ಪಟ್ಟು ಹಿಡಿದು ಕೇಳಿದ ಪ್ರಶ್ನೆ ಸಾಮರ್ಥ್ಯದ್ದಲ್ಲ, ಒಳಗಿನ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಎಷ್ಟು ಆಂಪಿಯರನ್ನು ಎಡೆಬಿಡದೆ ಕೊಡಬಲ್ಲದು ಎಂಬುದು. ಸೆಲ್ಲುಗಳನ್ನು ಕಾಯುವ ಈ ಮಂಡಲಕ್ಕೆ 50 ಆಂಪಿಯರಿನ ಮಿತಿಯಿದ್ದರೆ, ಜೊಂಡಿನಲ್ಲಿ ಸಿಲುಕಿದ ಮೋಟರ್ ಅದನ್ನು ದಾಟಿದ ಕ್ಷಣದಲ್ಲೇ ಕರೆಂಟ್ ಕಡಿದುಹೋಗುತ್ತದೆ. ನಾನು 100 ಆಂಪಿಯರಿನದನ್ನು ತೆಗೆದುಕೊಂಡೆ.

ಲಿಥಿಯಂ ಬ್ಯಾಟರಿಯ ಒಂದು ಗುಣ ಮಾತ್ರ ನನಗೆ ಇಂದಿಗೂ ಪೂರ್ತಿ ಇಷ್ಟವಿಲ್ಲ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗುತ್ತಾ ಬಂದಂತೆ ಮೋಟರ್ ಸೊರಗಿ ನಮ್ಮನ್ನು ಎಚ್ಚರಿಸುತ್ತದೆ. ಇದು ಮುಕ್ಕಾಲು ತುಂಬಿದ್ದಾಗಲೂ ಕಾಲು ಉಳಿದಿದ್ದಾಗಲೂ 13 ವೋಲ್ಟಿನ ಆಸುಪಾಸಿನಲ್ಲೇ ಇದ್ದು, ಕಡೆಗೆ ಹೇಳದೆ ಕೇಳದೆ ನಿಂತುಬಿಡುತ್ತದೆ. ಆದ್ದರಿಂದ ವೋಲ್ಟ್ ಮೀಟರನ್ನು ನಂಬದೆ, ಹೊರಹೋದ ಆಂಪಿಯರುಗಳನ್ನು ಎಣಿಸುವ ಷಂಟ್ ಮೀಟರನ್ನು ನೆಗೆಟಿವ್ ವೈರಿನಲ್ಲಿ ಹಾಕಿಸಿದ್ದೇನೆ. ಹುಟ್ಟುಗಳು ದೋಣಿಯಲ್ಲಿ ಹೇಗೂ ಇದ್ದೇ ಇರುತ್ತವೆ.

ವೈರಿಂಗಿನ ಬಗ್ಗೆ ಒಂದೆರಡು ಮಾತು ಸಾಕು. ಹೋಗಿಬರುವ ಉದ್ದ ಒಟ್ಟು ಆರು ಮೀಟರ್ ಇದ್ದರೆ, 6 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 50 ಆಂಪಿಯರಿಗೆ 0.9 ವೋಲ್ಟಿನಷ್ಟು ನಷ್ಟವಾಗುತ್ತದೆ. 16 ಚದರ ಮಿಲಿಮೀಟರಿನದರಲ್ಲಿ ಅದು 0.33ಕ್ಕೆ ಇಳಿಯುತ್ತದೆ. 60 ಆಂಪಿಯರಿನ ಡಿಸಿ ಬ್ರೇಕರನ್ನು ಬ್ಯಾಟರಿಯ ಟರ್ಮಿನಲಿಗೆ ಆದಷ್ಟು ಹತ್ತಿರದಲ್ಲಿ ಕೂರಿಸಿದ್ದೇನೆ, ಏಕೆಂದರೆ ಬ್ರೇಕರಿಗೂ ಬ್ಯಾಟರಿಗೂ ನಡುವಿನ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ.

ಚಾರ್ಜರನ್ನು ಬ್ಯಾಟರಿಯ ಜೊತೆಯಲ್ಲೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಲೆಡ್ ಆಸಿಡಿಗೆಂದು ಮಾಡಿದ ಒಳ್ಳೆಯ ಚಾರ್ಜರ್ ಮೊದಲು ಪೂರ್ಣ ಕರೆಂಟ್ ಕೊಟ್ಟು, ಬಳಿಕ 14.4ರಿಂದ 14.8 ವೋಲ್ಟಿನ ನಡುವೆ ಹಿಡಿದು ನಿಂತು, ಕೊನೆಗೆ 13.6ರ ಸುಮಾರಿಗೆ ಇಳಿಯುತ್ತದೆ. ಕೆಲವಂತೂ ಪ್ಲೇಟಿನ ಮೇಲೆ ಕಟ್ಟಿದ ಸಲ್ಫೇಟ್ ಬಿಡಿಸಲೆಂದು 15 ವೋಲ್ಟ್ ದಾಟಿಸುತ್ತವೆ. ಈ ಕಡೆಯ ಚಿಕಿತ್ಸೆಯನ್ನು ಲಿಥಿಯಂ ಬ್ಯಾಟರಿಗೆ ಎಂದೂ ಕೊಡಬಾರದು. ಅದಕ್ಕೆ ಬೇಕಾದದ್ದು ಒಂದೇ ಸಮನಾದ ಕರೆಂಟು, ನಂತರ 14.2ರಿಂದ 14.6ರೊಳಗಿನ ಒಂದೇ ಸಮನಾದ ವೋಲ್ಟೇಜು, ಕರೆಂಟ್ ಇಳಿದಾಗ ನಿಲುಗಡೆ. ನಾನು ತೆಗೆದುಕೊಂಡದ್ದು 14.6 ವೋಲ್ಟಿನ, 20 ಆಂಪಿಯರಿನ ಚಾರ್ಜರ್. 80 ಆಂಪಿಯರ್ ಅವರ್ ಖರ್ಚಾಗಿದ್ದರೆ ನಾಲ್ಕೂವರೆ ಗಂಟೆಯೊಳಗೆ ತುಂಬುತ್ತದೆ, ಹಾಗಾಗಿ ಬೆಳಿಗ್ಗೆ ಬಳಸಿದರೆ ಸಂಜೆಗೆ ಸಿದ್ಧ. ರಾತ್ರಿ ಮಾತ್ರ ಚಾರ್ಜ್ ಮಾಡುವವರಿಗೆ 10 ಆಂಪಿಯರಿನದೇ ಸಾಕು. ಲೆಡ್ ಆಸಿಡಿನಲ್ಲಾದರೆ ಎಷ್ಟೇ ದೊಡ್ಡ ಚಾರ್ಜರ್ ತಂದರೂ ಕೊನೆಯ ಐದನೇ ಒಂದು ಭಾಗ ತನ್ನದೇ ನಿಧಾನದಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ಮತ್ತು ಆ ಹೊತ್ತಿನಲ್ಲಿ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ನ್ನು ಮುಟ್ಟಿದರೆ ಒಂದು ಕಿಡಿಗೂ ಹೊತ್ತಿಕೊಳ್ಳಬಲ್ಲದು. ಮುಚ್ಚಿದ ಪೆಟ್ಟಿಗೆಯಲ್ಲಿ ಅದನ್ನು ಚಾರ್ಜಿಗೆ ಇಡುವಂತೆಯೇ ಇಲ್ಲ.

ಚಾರ್ಜರನ್ನು ದೋಣಿಯಲ್ಲೇ ಬಿಗಿಯುವುದಾದರೆ ಐಪಿ67 ಮಟ್ಟದ ನೀರುನಿರೋಧಕವಾದದ್ದು ಬೇಕಾಗುತ್ತದೆ. ಬ್ಯಾಟರಿ ಹಗುರವಾಗಿರುವುದರಿಂದ ನಾನು ಅದನ್ನು ಮನೆಗೇ ತರುತ್ತೇನೆ, ಮತ್ತು ಆ ವೆಚ್ಚವನ್ನು ಉಳಿಸಿಕೊಂಡೆ. ಇನ್ನೊಂದು ಅಂಶವನ್ನು ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳುವುದು ಲೇಸು: ಬಿಎಂಎಸ್ ಕಡಿದುಕೊಂಡ ಬ್ಯಾಟರಿಯ ಟರ್ಮಿನಲುಗಳಲ್ಲಿ ಮೀಟರ್ ಸೊನ್ನೆಯ ಆಸುಪಾಸು ತೋರಿಸಬಹುದು, ಆಗ ಬ್ಯಾಟರಿಯೇ ಜೋಡಿಸಿಲ್ಲ ಎಂದು ಭಾವಿಸಿ ಎಷ್ಟೋ ಚಾರ್ಜರುಗಳು ಕೆಲಸ ಆರಂಭಿಸುವುದಿಲ್ಲ. ಸೊನ್ನೆ ವೋಲ್ಟಿನಿಂದಲೂ ಎಬ್ಬಿಸುವ ಸೌಲಭ್ಯವಿರುವ ಚಾರ್ಜರಿಗೆ ಬೆಲೆ ಸ್ವಲ್ಪ ಹೆಚ್ಚಾದರೂ ನಾನು ಅದನ್ನೇ ಆರಿಸಿದೆ. ದೋಣಿ ತಿಂಗಳುಗಟ್ಟಲೆ ದಡದಲ್ಲೇ ಉಳಿಯುವ ಕಾಲದಲ್ಲಿ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿಟ್ಟು, ಷಂಟ್ ಮೀಟರ್ ತಾನೇ ಮೆಲ್ಲನೆ ಅದನ್ನು ಹೀರದಂತೆ ಟರ್ಮಿನಲಿನ ವೈರುಗಳನ್ನು ಕಳಚಿಡುತ್ತೇನೆ. ಲೆಡ್ ಆಸಿಡ್ ಇಟ್ಟುಕೊಂಡವರು ಇದಕ್ಕೆ ವಿರುದ್ಧವಾಗಿ ಪೂರ್ತಿ ತುಂಬಿಸಿಯೇ ಇಡಬೇಕು.